ಜೆ.ಸಿ. ರಸ್ತೆಯಲ್ಲಿ ಕಂಠಶೋಧ

ಬೆಂಗಳೂರಿನ ಪುರಭವನವನ್ನು ಹಿಂದೆ ಬಿಟ್ಟು ಮಿನರ್ವ ವೃತ್ತದ ಕಡೆಗೆ ನಡೆಯುವವನ ಕಿವಿಗೆ ಮೊದಲು ಬೀಳುವುದು ಮೃದಂಗವೋ ಸುತ್ತಿಗೆಯೋ ಎಂಬುದು ಅವನು ಹೊರಟ ಹೊತ್ತಿಗೆ ಸೇರಿದ ಮಾತು. ಸಂಜೆಯಾಗಿದ್ದರೆ ರವೀಂದ್ರ ಕಲಾಕ್ಷೇತ್ರದ ಒಳಗಿನಿಂದ ಹಾಡೋ ನಾಟಕದ ಮಾತೋ ತೇಲಿ ಬಂದೀತು. ಹಗಲಾಗಿದ್ದರೆ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು, ಅರಗೊರಳಿನಲ್ಲಿ ಕೂಗುವ ಹಾರನ್ನುಗಳು, ಯಾವುದೋ ಸಂದಿಯಲ್ಲಿ ಚಕ್ರ ತಿರುಗಿಸಿ ಕಿಡಿ ಹಾರಿಸುವ ಗ್ರೈಂಡರಿನ ಚೀತ್ಕಾರ. ಮೈಸೂರಿನ ಕಡೆಯ ಮಹಾರಾಜರ ಹೆಸರನ್ನು ಹೊತ್ತ ಈ ಜಯಚಾಮರಾಜೇಂದ್ರ ರಸ್ತೆಯನ್ನು ಪೂರ್ಣ ಹೆಸರಿನಿಂದ ಕರೆಯುವವರು ಈಗ ವಿರಳ. ಮೋಟಾರು ಗಾಡಿಯುಳ್ಳವರಿಗೆಲ್ಲ ಅದು ಜೆ.ಸಿ. ರೋಡ್. ಆಣಿಯಿಂದ ಹಿಡಿದು ಅಚ್ಚಿನವರೆಗೆ ಗಾಡಿಯ ಯಾವ ಅಂಗ ಬೇಕಾದರೂ ಇಲ್ಲಿ ಬಿಡಿಬಿಡಿಯಾಗಿ ದೊರೆಯುತ್ತದೆಂಬ ಖ್ಯಾತಿ ಅದಕ್ಕೆ.

ಆದರೆ ಗಾಡಿಯ ದನಿ ದೊರೆಯುವುದೇ? ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಒಂದು ಉದ್ದನೆಯ ವಸ್ತುವನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು, ಅದಕ್ಕೂ ಟಿಕೆಟ್ಟು ತೆತ್ತು, ಇಲ್ಲಿಗೆ ಬಂದಿಳಿದದ್ದು ಅದನ್ನರಸಿಯೇ. ಚೀಲದೊಳಗಿದ್ದುದು ತುಕ್ಕು ತಿಂದು ಜರಡಿಯಾದ ಒಂದು ಸೈಲೆನ್ಸರು. ಅದು ಅವರ ತಂದೆ 1967ರಲ್ಲಿ ಕೊಂಡಿದ್ದ ಫಿಯಟ್ ಕಾರಿನದು. ಕಾರು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಕಾಫಿ ಕಣದ ಪಕ್ಕದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಆಶ್ರಯವಾಗಿತ್ತು. ತಂದೆ ತೀರಿಕೊಂಡ ಮೇಲೆ ಮಗನಿಗೆ ಅದನ್ನು ಮತ್ತೆ ಓಡಿಸುವ ಹಂಬಲ ಹುಟ್ಟಿತು. ಜೆ.ಸಿ. ರಸ್ತೆಯ ಹಿಂಬದಿಯ ಒಂದು ಶೆಡ್ಡಿನಲ್ಲಿ ಎಂಟು ತಿಂಗಳ ಕಾಲ ತಗಡಿನ ಕೆಲಸ, ಬಣ್ಣ, ಎಂಜಿನ್ನಿನ ದುರಸ್ತಿ ಎಲ್ಲವೂ ಮುಗಿದು, ಕಾರು ಮದುಮಗನಂತೆ ನಿಂತಿತ್ತು. ಉಳಿದಿದ್ದುದು ಹೊಗೆ ಕೊಳವೆಯೊಂದೇ. ಅದಿಲ್ಲದೆ ಎಂಜಿನ್ ಚಾಲೂ ಮಾಡಿದ ದಿನ ಅಕ್ಕಪಕ್ಕದ ಅಂಗಡಿಯವರೆಲ್ಲ ಪಟಾಕಿಯ ಗೋದಾಮಿಗೆ ಬೆಂಕಿ ಬಿತ್ತೆಂದು ಓಡಿ ಬಂದರಂತೆ.

ಈ ಫಿಯಟ್ಟಿನ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಇಟಲಿಯ ಫಿಯಟ್ ಸಂಸ್ಥೆಯ ಅನುಮತಿಯಿಂದ ಮುಂಬಯಿಯ ಕುರ್ಲಾದಲ್ಲಿ ಇವನ್ನು ತಯಾರಿಸುತ್ತಿತ್ತು. 1964ರಲ್ಲಿ ಬಂದ 1100ಡಿ ಮಾದರಿಗೆ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರಾಯಿತು. 1089 ಸಿ.ಸಿ.ಯ, ನಾಲ್ಕು ಸಿಲಿಂಡರಿನ ಎಂಜಿನ್ನು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು 1964ರಲ್ಲಿ ಹನ್ನೆರಡು ಸಾವಿರ ರೂಪಾಯಿಯ ಫಿಯಟ್ಟನ್ನು ಕೊಳ್ಳಲು ಬ್ಯಾಂಕಿನಿಂದ ಐದು ಸಾವಿರ ಸಾಲ ಪಡೆದದ್ದೂ, ಅವರ ಮರಣಾನಂತರ ಪತ್ನಿ ಲಲಿತಾದೇವಿಯವರು ಆ ಸಾಲವನ್ನು ತೀರಿಸಿದ್ದೂ ಬಹುಮಂದಿ ಬಲ್ಲ ಸಂಗತಿ. ಪ್ರಧಾನಿಗೂ ಸಾಲಕ್ಕೆ ಕೈಚಾಚುವಂತೆ ಮಾಡುತ್ತಿದ್ದ ಕಾರು ಮಲೆನಾಡಿನ ಒಂದು ಮನೆಯಲ್ಲಿ ಎಂಥ ಸಂಭ್ರಮದಿಂದ ಬಂದಿಳಿದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಲ್ಲರು.

ಸೈಲೆನ್ಸರ್ ಎಂಬ ಮಾತಿಗೆ ಪಂಡಿತರನ್ನು ಕೇಳಿದರೆ ‘ಮೌನಕಾರಿ’ ಎಂದೋ ‘ಶಬ್ದಶಾಮಕ’ ಎಂದೋ ಒಂದು ಪದವನ್ನು ಟಂಕಿಸಿ ಕೊಟ್ಟಾರು. ಜೆ.ಸಿ. ರಸ್ತೆಯಲ್ಲಿ ಅದನ್ನು ಹೇಳಿದವನಿಗೆ ಕೊಳವೆ ದೊರೆಯಲಿಕ್ಕಿಲ್ಲ. ಅಲ್ಲಿನವರಿಗೆ ಎಂಜಿನ್ನಿನ ಮ್ಯಾನಿಫೋಲ್ಡಿನಿಂದ ಹೊರಟು ಹಿಂದಿನ ಬಂಪರಿನ ಕೆಳಗೆ ಕೊನೆಗೊಳ್ಳುವ ಕೊಳವೆಯಷ್ಟೂ ಸೈಲೆನ್ಸರೇ. ನಡುವೆ ಉಬ್ಬಿಕೊಂಡಿರುವ ಭಾಗ ‘ಡಬ್ಬ’. ಈ ಡಬ್ಬದ ಕೆಲಸ ಹೆಸರು ಹೇಳುವಷ್ಟು ಸರಳವಲ್ಲ. ಎಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಮ್ಮ ಉರಿದ ಉಸಿರನ್ನು ಹೊರಗೆ ಹಾಕುತ್ತವೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುವಾಗ ಸೆಕೆಂಡಿಗೆ ನೂರು ಉಸಿರಾಯಿತು. ಸೆಕೆಂಡಿಗೆ ನೂರು ಕಂಪನವೆಂದರೆ ಗಂಡುದನಿಯ ಮಂದ್ರದಲ್ಲಿ ಎಲ್ಲಿಯೋ ಒಂದು ಸ್ವರ. ನಿಂತಲ್ಲೇ ಗುರುಗುಟ್ಟುವಾಗ ಅದು ಇಪ್ಪತ್ತೈದರ ಆಸುಪಾಸಿಗೆ ಇಳಿದು, ಸ್ವರವೆನ್ನುವುದಕ್ಕಿಂತ ಎದೆಗೆ ತಾಗುವ ಮಿಡಿತವೆನ್ನುವುದೇ ಸರಿಯಾಗುತ್ತದೆ. ಡಬ್ಬದೊಳಗಿನ ಅಡ್ಡಗೋಡೆಗಳು, ತೂತುಕೊರೆದ ಒಳಕೊಳವೆಗಳು ಈ ಉಸಿರಿನ ಅಲೆಗಳನ್ನು ಅತ್ತಿತ್ತ ಹಾಯಿಸಿ, ಒಂದರ ಮೇಲೊಂದನ್ನು ಅಪ್ಪಳಿಸಿ, ಕೆಲವನ್ನು ಅಡಗಿಸಿ ಕೆಲವನ್ನು ಉಳಿಸುತ್ತವೆ. ಹೀಗೆ ಉಳಿದದ್ದೇ ಗಾಡಿಯ ದನಿ. ಗೋಡೆ ಎರಡು ಅಂಗುಲ ಆಚೆಗೆ ಸರಿದರೆ ದನಿಯೂ ಬದಲಾಗುತ್ತದೆ. ವೀಣೆಯ ಬುರುಡೆಯನ್ನು ಕೊರೆಯುವವನಿಗೆ ಇರುವಷ್ಟು ಜವಾಬ್ದಾರಿ ಸೈಲೆನ್ಸರಿನ ಡಬ್ಬವನ್ನು ಬೆಸೆಯುವವನಿಗೂ ಉಂಟೆಂದರೆ ವೈಣಿಕರು ಮುನಿಯಬಾರದು.

ಬೆಳೆಗಾರರ ಮುಂದಿದ್ದ ಮೊದಲ ದಾರಿ ಎಲ್ಲಕ್ಕಿಂತ ಸುಲಭದ್ದು. ಅಂಗಡಿಗೆ ಹೋಗಿ ಪದ್ಮಿನಿಯ ಸಿದ್ಧ ಸೈಲೆನ್ಸರನ್ನು ಕೊಳ್ಳುವುದು. ಒಂದು ಕಾಲಕ್ಕೆ ಇದಕ್ಕೆ ಯೋಚನೆಯೇ ಬೇಕಿರಲಿಲ್ಲ. ಮುಂಬಯಿಯ ಬೀದಿಗಳಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳು ಹಗಲಿರುಳು ಓಡುತ್ತಿದ್ದಷ್ಟು ಕಾಲ ಅವುಗಳ ಬಿಡಿಭಾಗಗಳನ್ನು ಮಾಡುವವರಿಗೂ ಮಾರುವವರಿಗೂ ಕೆಲಸವಿತ್ತು. ಅಲ್ಲಿ ನೋಂದಣಿಯಾದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನದು; ಟ್ಯಾಕ್ಸಿಗಳಿಗೆ ವಿಧಿಸಿದ್ದ ಇಪ್ಪತ್ತು ವರ್ಷದ ಆಯುಷ್ಯ ತೀರಿ 2023ರ ಅಕ್ಟೋಬರಿನಲ್ಲಿ ಅದೂ ಬೀದಿಯಿಂದ ಮರೆಯಾಯಿತು. ಗಿರಾಕಿ ಹೋದ ಮೇಲೆ ಸರಕು ಎಷ್ಟು ದಿನ ನಿಂತೀತು? ಮೂರು ಅಂಗಡಿಗಳಲ್ಲಿ ‘ಇಲ್ಲ’ ಎನ್ನಿಸಿಕೊಂಡು, ನಾಲ್ಕನೆಯದರ ಅಟ್ಟದಿಂದ ಧೂಳು ಕೊಡವಿ ಇಳಿಸಿದ ಡಬ್ಬವೊಂದು ಬೆಳೆಗಾರರ ಕೈಗೆ ಬಂತು. ಕಪ್ಪು ಬಣ್ಣ ಇನ್ನೂ ಮಾಸಿರಲಿಲ್ಲ.

“ಹಳೇ ಸ್ಟಾಕು ಸಾರ್. ಇನ್ನೊಂದ್ ಸಿಕ್ಕಲ್ಲ. ಪದ್ಮಿನಿಗೆ ಆಗೋದು ನಿಮ್ ಗಾಡಿಗೂ ಆಗತ್ತೆ,” ಎಂದ ಅಂಗಡಿಯವನು.

ಜೊತೆಗೆ ಬಂದಿದ್ದ ಶೆಡ್ಡಿನ ಮೇಸ್ತ್ರಿ, ಅರುವತ್ತು ದಾಟಿದ ಮಿತಭಾಷಿ, ಡಬ್ಬವನ್ನು ಕಿವಿಯ ಬಳಿ ಹಿಡಿದು ಎರಡು ಬಾರಿ ಅಲ್ಲಾಡಿಸಿದ. ಒಳಗೆ ಮರಳು ಸುರಿದಂಥ ಸದ್ದು. ಹೊರಗೆ ಬಣ್ಣವಿದ್ದರೂ ಒಳಗೆ ಗಾಳಿಯ ತೇವಕ್ಕೆ ವರ್ಷಾನುಗಟ್ಟಲೆ ತುಕ್ಕು ಉದುರಿತ್ತು. ಅಟ್ಟದ ಮೇಲೆ ಕುಳಿತ ಮಾಲಿಗೆ ವಯಸ್ಸಾಗುವುದಿಲ್ಲವೆಂದು ನಂಬುವವರು ಈ ಒಂದು ಪರೀಕ್ಷೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮೇಸ್ತ್ರಿ ಏನೂ ಹೇಳದೆ ಅದನ್ನು ಕಟ್ಟೆಯ ಮೇಲಿಟ್ಟು ಹೊರಟ.

ಮರುದಿನ ಬೆಳಗ್ಗೆ ಇಬ್ಬರೂ ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರುಕಟ್ಟೆಯ ಸುತ್ತಣ ಗಲ್ಲಿಗಳಲ್ಲಿ ಸತ್ತ ಕಾರುಗಳ ಅವಯವಗಳು ಜಾತಿವಾರು ವಿಂಗಡಣೆಯಾಗಿ ಬಿದ್ದಿರುತ್ತವೆ. ಒಂದೆಡೆ ಬಾಗಿಲುಗಳ ರಾಶಿ, ಒಂದೆಡೆ ದೀಪಗಳ ಕಣ್ಣುಗಳು, ಒಂದೆಡೆ ಎಣ್ಣೆ ಸೋರುವ ಗೇರು ಪೆಟ್ಟಿಗೆಗಳು. ಗುಜರಿ ಎಂಬ ಮಾತಿನ ಅರ್ಥ ತಿಳಿಯಬೇಕಾದರೆ ನಿಘಂಟನ್ನು ಮುಚ್ಚಿಟ್ಟು ಇಲ್ಲಿಗೆ ಬರಬೇಕು. ಫಿಯಟ್ಟಿನ ಬಂಪರು ದೊರೆಯಿತು, ಗಡಿಯಾರದಂಥ ಮೀಟರು ದೊರೆಯಿತು, ಸೈಲೆನ್ಸರು ಮಾತ್ರ ದೊರೆಯಲಿಲ್ಲ. ಅದು ಸಹಜವೇ. ಕಾರಿನ ಇತರ ಭಾಗಗಳು ಕಾರು ಸತ್ತ ಮೇಲೂ ಉಳಿಯುತ್ತವೆ. ಸೈಲೆನ್ಸರು ಕಾರಿಗಿಂತ ಮೊದಲೇ ಸಾಯುತ್ತದೆ.

ಅದಕ್ಕೆ ಕಾರಣವೂ ವಿಚಿತ್ರವಾದದ್ದೇ. ಒಂದು ಲೀಟರ್ ಪೆಟ್ರೋಲು ಉರಿದಾಗ ಹೊಗೆಯ ಜೊತೆಗೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರೂ ಹುಟ್ಟುತ್ತದೆ! ಬೆಂಕಿಯ ಹೊಟ್ಟೆಯಲ್ಲಿ ನೀರು. ಕೊಳವೆ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಐದಾರು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಆವಿ ತಣಿದು ಡಬ್ಬದ ತಳದಲ್ಲಿ ನಿಂತು, ಹೊಗೆಯಲ್ಲಿನ ಗಂಧಕವೇ ಮೊದಲಾದವುಗಳೊಡನೆ ಸೇರಿ ಹುಳಿಯಾಗಿ, ಒಳಗಿನಿಂದ ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ಮಲೆನಾಡಿನ ಮಳೆ ಅದೇ ಕೆಲಸವನ್ನು ಮಾಡುತ್ತಿರುತ್ತದೆ. ಆದುದರಿಂದ ಎಂಜಿನ್ನಿಗೆ ಹತ್ತಿರವಿದ್ದು ಸದಾ ಕಾಯುವ ಮುಂಗೊಳವೆ ಬಹುಕಾಲ ಬಾಳಿದರೆ, ದೂರದಲ್ಲಿ ತಣ್ಣಗಿರುವ ಡಬ್ಬವೂ ಬಾಲದ ಕೊಳವೆಯೂ ಬೇಗ ಕೊಳೆಯುತ್ತವೆ. ಹಳೆಯ ಕಾರನ್ನು ಅಪರೂಪಕ್ಕೆ ಹೊರತೆಗೆದು ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುವುದು ಅದಕ್ಕೆ ಮಾಡುವ ಉಪಚಾರವೆಂದು ಭಾವಿಸುವವರುಂಟು. ಸೈಲೆನ್ಸರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ.

ಬೆಳೆಗಾರರ ಮಗ ಬೆಂಗಳೂರಿನಲ್ಲಿಯೇ ಉದ್ಯೋಗದಲ್ಲಿರುವ ತರುಣ. ಅವನ ಅಭಿಪ್ರಾಯ ಬೇರೆಯಾಗಿತ್ತು. ಎರಡೂವರೆ ಅಂಗುಲದ ಅಗಲ ಕೊಳವೆ, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು, ಅಡ್ಡಗೋಡೆಗಳಿಲ್ಲದ ನೇರ ಡಬ್ಬ: ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. “ಅಪ್ಪ, ಕೇಳೋಕೆ ಸಕತ್ತಾಗಿರತ್ತೆ. ಪಿಕಪ್ಪೂ ಜಾಸ್ತಿ ಆಗತ್ತೆ,” ಎಂಬುದು ಅವನ ವಾದ.

ಮೇಸ್ತ್ರಿ ಇದಕ್ಕೆ ನಕ್ಕ. ಅಗಲವಾದ ಕೊಳವೆಯಿಂದ ಶಕ್ತಿ ಹೆಚ್ಚುವುದು ದೊಡ್ಡ ಎಂಜಿನ್ನು ಬಿರುಸಾಗಿ ತಿರುಗುವಾಗ. ಸಾವಿರದೆಂಬತ್ತೊಂಬತ್ತು ಸಿ.ಸಿ.ಯ ಪುಟ್ಟ ಎಂಜಿನ್ನಿಗೆ ಹೆಬ್ಬಾಗಿಲಿನಂಥ ಕೊಳವೆ ಕೊಟ್ಟರೆ ಹೊಗೆಯ ವೇಗ ತಗ್ಗಿ, ಕೊಳವೆಯಲ್ಲೇ ತಣಿದು, ನಿಧಾನವಾಗಿ ಏರು ಹತ್ತುವಾಗ ಬೇಕಾದ ಎಳೆತವೇ ಕಡಮೆಯಾಗುವ ಸಂಭವವುಂಟು. ಕೊಳವೆ ಬದಲಾದರೆ ಕಾರ್ಬುರೇಟರಿನಲ್ಲಿ ಗಾಳಿ ಪೆಟ್ರೋಲುಗಳ ಹದವನ್ನೂ ಮತ್ತೆ ಕೂಡಿಸಬೇಕು. ಹದ ತೆಳುವಾದರೆ ವಾಲ್ವುಗಳು ಸುಡುತ್ತವೆ. ಇನ್ನು ಸದ್ದಿನ ಮಾತು. ಎಲ್ಲ ಮೋಟಾರು ವಾಹನಗಳಿಗೂ ಸದ್ದನ್ನು ಸಾಧ್ಯವಾದಷ್ಟೂ ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ವಿಧಿಸುತ್ತದೆ. ಕಾನೂನು ಒತ್ತಟ್ಟಿಗಿರಲಿ, ಅರುವತ್ತರ ದಶಕದ ಫಿಯಟ್ಟು ಓಟದ ಕಾರಿನಂತೆ ಅಬ್ಬರಿಸುವುದು ಪಂಚೆ ಉಟ್ಟ ಹಿರಿಯರು ಸಿಳ್ಳೆ ಹೊಡೆದಂತೆ ಕೇಳಿಸೀತು.

ಸ್ಟೇನ್‌ಲೆಸ್ ಸ್ಟೀಲಿನ ವಿಷಯದಲ್ಲಿ ಮಾತ್ರ ಹುಡುಗನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕರಗಿಸಿದ ಕ್ರೋಮಿಯಂ ಉಕ್ಕಿನ ಸಂತತಿಯಾದ ಈ ಲೋಹ ಇಂದು ಅಡುಗೆಮನೆಯಲ್ಲಿ ಎಷ್ಟು ಸಾಮಾನ್ಯವೋ ಕಾರಿನ ಕೆಳಗೂ ಅಷ್ಟೇ ಸಾಮಾನ್ಯ. ಅದರಲ್ಲಿಯೂ ಪಂಗಡಗಳುಂಟು. ಹೊಗೆ ಕೊಳವೆಗೆಂದೇ ಬಳಕೆಗೆ ಬಂದ 409 ಎಂಬ ಬಗೆಯಲ್ಲಿ ಸುಮಾರು ನೂರಕ್ಕೆ ಹನ್ನೊಂದು ಪಾಲು ಕ್ರೋಮಿಯಂ. ಅದು ಮೇಲೆ ಕಂದು ಬಣ್ಣಕ್ಕೆ ತಿರುಗಿದರೂ ಬೇಗ ತೂತಾಗುವುದಿಲ್ಲ. ಪಾತ್ರೆಗಳಿಗೆ ಬಳಸುವ 304ರಲ್ಲಿ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲ್; ಅದು ಹೊಳಪನ್ನು ಉಳಿಸಿಕೊಳ್ಳುತ್ತದೆ. ಎರಡನ್ನೂ ಗುರುತಿಸಲು ಪಾತ್ರೆಯಂಗಡಿಯಲ್ಲಿ ಗೃಹಿಣಿಯರು ಮಾಡುವ ಪರೀಕ್ಷೆಯೇ ಸಾಕು. ಅಯಸ್ಕಾಂತ ಕಚ್ಚಿಕೊಂಡರೆ ಮೊದಲನೆಯದು, ಜಾರಿದರೆ ಎರಡನೆಯದು. ಆದರೆ 304ಕ್ಕೆ ಒಂದು ಚಾಳಿಯಿದೆ. ಬಿಸಿಯಾದಾಗ ಅದು ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡು ಮೀಟರಿನ ಕೊಳವೆ ಮುನ್ನೂರು ಡಿಗ್ರಿ ಕಾದರೆ ಸಾದಾ ಉಕ್ಕು ಏಳು ಮಿಲಿಮೀಟರಿನಷ್ಟು ಬೆಳೆಯುತ್ತದೆ, ಇದು ಹತ್ತು. ಬಿಗಿಯಾಗಿ ಕಟ್ಟಿಹಾಕಿದರೆ ಎಲ್ಲಿಯಾದರೂ ಸೀಳುವುದು ನಿಶ್ಚಯ; ರಬ್ಬರಿನ ತೂಗುಪಟ್ಟಿಗಳಲ್ಲಿ ಜೋಲಾಡಲು ಬಿಡಬೇಕು. ಅಲ್ಲದೆ ತೆಳುತಗಡಿನಲ್ಲಿ ಮಾಡಿದರೆ ಪಾತ್ರೆ ಬಡಿದಂತೆ ‘ಠಣ್’ ಎನ್ನುವುದೂ ಉಂಟು.

ಮಾತು ಇಷ್ಟಕ್ಕೆ ಬಂದಿರಲು ಮೇಸ್ತ್ರಿ ಗೋಣಿಚೀಲವನ್ನು ಬಿಚ್ಚಿದ. ಹಳೆಯ ಸೈಲೆನ್ಸರನ್ನು ಅಳತೆಗೆಂದು ನೆಲದ ಮೇಲೆ ಚಾಚಿ, ಡಬ್ಬವನ್ನು ತಂತಿ ಬ್ರಷ್ಷಿನಿಂದ ಉಜ್ಜಿದ. ಸ್ವಲ್ಪ ಹೊತ್ತು ಬಗ್ಗಿ ನೋಡಿ ತಲೆಯೆತ್ತಿದ.

“ಸಾರ್, ಇದು ಕಂಪ್ನಿ ಮಾಲ್ ಅಲ್ಲ. ಯಾರೋ ಕೈಯಲ್ಲಿ ಮಾಡಿರೋದು. ಗ್ಯಾಸ್ ವೆಲ್ಡಿಂಗ್ ನೋಡಿ ಇಲ್ಲಿ. ಒಳ್ಳೇ ಕೈ.”

ಬೆಳೆಗಾರರಿಗೆ ನೆಲ ಸರಿದಂತಾಯಿತು. ಅವರು ಎಂಟು ತಿಂಗಳಿನಿಂದ ಒಂದೇ ಮಂತ್ರವನ್ನು ಜಪಿಸಿದ್ದರು: ಎಲ್ಲವೂ ಕಂಪನಿಯಿಂದ ಬಂದಂತೆಯೇ ಇರಬೇಕು. ಬಣ್ಣವನ್ನು ಹಳೆಯ ಬಣ್ಣದ ಚೂರಿನೊಡನೆ ತಾಳೆ ನೋಡಿ ಬೆರೆಸಲಾಗಿತ್ತು. ಮೈಸೂರು ರಾಜ್ಯದ ಕಾಲದ, ಎಂ.ವೈ. ಎಂದು ತೊಡಗುವ ಸಂಖ್ಯೆಯ ಫಲಕವನ್ನು ಹಾಗೆಯೇ ತೊಳೆದು ತಿದ್ದಲಾಗಿತ್ತು. ಯಾವ ದನಿಯನ್ನು ಅವರು ಫಿಯಟ್ಟಿನ ನಿಜವಾದ ದನಿಯೆಂದು ಬಾಲ್ಯದಿಂದ ಎದೆಯಲ್ಲಿಟ್ಟುಕೊಂಡು ಬಂದಿದ್ದರೋ ಅದು ಫಿಯಟ್ಟಿನದೇ ಅಲ್ಲ! ಯಾವನೋ ಹೆಸರಿಲ್ಲದ ವೆಲ್ಡರಿನದು.

ಅವರು ಅಲ್ಲಿಂದಲೇ ಊರಿಗೆ ಫೋನು ಮಾಡಿದರು. ಎಂಬತ್ತು ದಾಟಿದ ತಾಯಿ. ಕಣ್ಣು ಮಂಜಾಗಿದೆ, ಕಿವಿ ಇನ್ನೂ ಚುರುಕು. ಹಾರನ್ನುಗಳ ನಡುವೆ ಎರಡೆರಡು ಸಲ ಕೂಗಿ ಕೇಳಿದ ಮೇಲೆ ಆಕೆಗೆ ಪ್ರಶ್ನೆ ತಿಳಿಯಿತು.

“ಅಯ್ಯೋ ಮಗ, ನಿಮ್ಮಪ್ಪ ಹೊಸದ್ರಲ್ಲಿ ತಂದಾಗ ಆ ಗಾಡಿಗೆ ಸದ್ದೇ ಇರ್ಲಿಲ್ಲ. ಗೇಟಿನ ಹತ್ರ ಬಂದು ಹಾರನ್ ಹೊಡೀಬೇಕಿತ್ತು. ನಾಲ್ಕೈದು ಮಳೆಗಾಲಕ್ಕೇ ಅದು ಲಡ್ಡಾಗಿ ಹೋಯ್ತು. ಆಮೇಲೆ ಹಾಸನದಲ್ಲಿ ಯಾರ ಹತ್ರವೋ ಡಬ್ಬ ಮಾಡ್ಸಿ ಹಾಕ್ಸಿದ್ರು. ಆಮೇಲಲ್ವಾ ಹಳ್ಳದ ಸೇತುವೆ ದಾಟುವಾಗ್ಲೇ ಇಲ್ಲಿಗೆ ಕೇಳ್ತಿದ್ದಿದ್ದು. ನಾನು ಕಾಫಿಗೆ ನೀರಿಡ್ತಿದ್ದೆ.”

ಪುನರುಜ್ಜೀವನಗೊಂಡ ಹಳೆಯ ಕಾರುಗಳನ್ನು ತೂಗಿ ನೋಡುವ ಪಂಡಿತರ ದೃಷ್ಟಿಯಲ್ಲಿ ಈ ಹಾಸನದ ಡಬ್ಬ ಒಂದು ಪಾಠಾಂತರ, ಕಾರ್ಖಾನೆಯದೇ ಮೂಲಪಾಠ. ಗ್ರಂಥ ಸಂಪಾದನೆಯಲ್ಲಿಯೂ ಇದೇ ಕಲಹವಿದೆ. ಕವಿ ಬರೆದದ್ದು ಒಂದು, ಓಲೆಯ ಪ್ರತಿಕಾರ ತಿದ್ದಿದ್ದು ಇನ್ನೊಂದು. ನೂರಾರು ವರ್ಷ ಜನರ ನಾಲಗೆಯಲ್ಲಿ ನಿಂತದ್ದು ಪ್ರತಿಕಾರನದೇ ಆಗಿದ್ದರೆ ಸಂಪಾದಕ ಯಾವುದನ್ನು ಅಚ್ಚಿಗೆ ಕೊಡಬೇಕು? ಪ್ರದರ್ಶನಕ್ಕೆ ನಿಲ್ಲುವ ಕಾರಾದರೆ ಕಾರ್ಖಾನೆಯ ಪಾಠವೇ ಸರಿ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಂಥ ಕಡೆ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡು ಬಂದವರಿಗೆ ಅದರ ಬೆಲೆ ಗೊತ್ತು. ಅಲ್ಲಿ ಕಣ್ಣೇ ಪ್ರಧಾನ, ಕಿವಿಗೆ ಕೆಲಸವಿಲ್ಲ. ಓಡುವ ಕಾರಿನ ನ್ಯಾಯ ಬೇರೆ.

ಇಲ್ಲಿ ಸರಕಾರದ ಒಂದು ಕಟ್ಟಳೆಯನ್ನೂ ಹೇಳಬೇಕು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ವಿಶೇಷ ನೋಂದಣಿಯನ್ನು 2021ರ ನಿಯಮಗಳು ಒದಗಿಸಿವೆ. ಹೊಸ ನೋಂದಣಿಗೆ ಶುಲ್ಕ ಇಪ್ಪತ್ತು ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ಚಾಸಿಯನ್ನಾಗಲಿ, ಮೈಯನ್ನಾಗಲಿ, ಎಂಜಿನ್ನನ್ನಾಗಲಿ ಮಾರ್ಪಡಿಸಿರಬಾರದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸಬಾರದು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ಮುಂತಾದವಕ್ಕೆ ಮಾತ್ರ ರಸ್ತೆಗಿಳಿಯಬಹುದು. ಗೌರವವೇನೋ ದೊಡ್ಡದು. ಆದರೆ ವಾರಕ್ಕೆರಡು ಸಲ ತಾಯಿಯನ್ನು ಕೂರಿಸಿಕೊಂಡು ಸಕಲೇಶಪುರದ ಸಂತೆಗೂ ಆಸ್ಪತ್ರೆಗೂ ಹೋಗಬೇಕೆಂದಿರುವವರಿಗೆ ಆ ಗೌರವ ಸಲ್ಲದು. ಬೆಳೆಗಾರರು ಅದರ ಆಸೆಯನ್ನು ಅಲ್ಲಿಯೇ ಬಿಟ್ಟರು.

ಮೇಸ್ತ್ರಿ ಅವರ ಅಪ್ಪಣೆ ಪಡೆದು ಹಳೆಯ ಡಬ್ಬವನ್ನು ಉದ್ದಕ್ಕೆ ಸೀಳಿದ. ಒಳಗಿನ ರಚನೆ ತುಕ್ಕಿನ ಜೇಡರಬಲೆಯಾಗಿದ್ದರೂ ಗುರುತು ಸಿಗುವಂತಿತ್ತು. ಎರಡು ಅಡ್ಡಗೋಡೆಗಳು, ಮೂರು ಕೋಣೆಗಳು. ನಡುವಿನದು ಉಳಿದೆರಡಕ್ಕಿಂತ ದೊಡ್ಡದು. ಒಳಕೊಳವೆಯ ತೂತುಗಳು ಯಂತ್ರದಲ್ಲಿ ಕೊರೆದವಲ್ಲ, ಉಳಿಯಿಂದ ಹೊಡೆದವು. ಸಾಲು ಸ್ವಲ್ಪ ಓರೆ. ಮೇಸ್ತ್ರಿ ಪ್ರತಿಯೊಂದು ಕೋಣೆಯ ಅಳತೆಯನ್ನೂ ಸೀಮೆಸುಣ್ಣದಿಂದ ಶೆಡ್ಡಿನ ನೆಲದ ಮೇಲೆ ಬರೆದುಕೊಂಡ. ತೂತುಗಳನ್ನು ಎಣಿಸಿದ. ಓರೆಯಾದ ಸಾಲನ್ನು ನೆಟ್ಟಗೆ ಮಾಡಲೇ ಎಂದು ಕೇಳಿದಾಗ ಬೆಳೆಗಾರರು ಬೇಡವೆಂದರು.

ಆಯ್ಕೆ ಕಡೆಗೆ ಹೀಗೆ ನಿಂತಿತು. ಸದಾ ಕಾಯುವ ಮುಂಗೊಳವೆಗೆ ಮೊದಲಿದ್ದ ಅಗಲದ್ದೇ ಹದಿನಾರು ಗೇಜಿನ ಸಾದಾ ಉಕ್ಕು. ತೇವ ತಂಗುವ ಡಬ್ಬಕ್ಕೂ ಬಾಲಕ್ಕೂ 304ನೆಯ ಸ್ಟೇನ್‌ಲೆಸ್ಸು, ಅದೂ ಹದಿನಾರು ಗೇಜಿನದೇ; ತೆಳುತಗಡಿನ ಠಣತ್ಕಾರ ಬೇಡವೆಂದು. ಎರಡು ಲೋಹಗಳನ್ನೂ ಬೆಸೆಯದೆ ಒಂದರೊಳಗೊಂದು ತೂರಿಸಿ ಕ್ಲಾಂಪು ಹಾಕುವುದು. ಮುಂದೆ ಮುಂಗೊಳವೆ ಸವೆದರೆ ಅದೊಂದನ್ನೇ ಬದಲಿಸಬಹುದು. ಡಬ್ಬದ ಅತ್ಯಂತ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಮೂರು ಮಿಲಿಮೀಟರಿನ ಒಂದು ತೂತು. ಹೊಳಪು ಕಾಣದಂತೆ ಮೇಲೆ ಶಾಖ ತಡೆಯುವ ಕಪ್ಪು ಬಣ್ಣ. ಹೊಳಪನ್ನು ಮುಚ್ಚುವುದಾದರೆ ಅಷ್ಟು ದುಡ್ಡೇಕೆಂದು ಮಗ ಗೊಣಗಿದ್ದು ಸಹಜ. ಅವನಿಗೆ ಉತ್ತರ ಕೊಡುವ ಗೋಜಿಗೆ ಯಾರೂ ಹೋಗಲಿಲ್ಲ.

ಮುಂಗೊಳವೆಯನ್ನು ಬಗ್ಗಿಸಿದ ಬಗೆ ನೋಡತಕ್ಕದ್ದು. ಯಂತ್ರದಲ್ಲಿ ಒತ್ತಿ ಬಗ್ಗಿಸಿದರೆ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ. ಮೇಸ್ತ್ರಿ ತನ್ನ ಗುರುವಿನ ಕಾಲದ ಕ್ರಮವನ್ನೇ ಹಿಡಿದ. ಮರಳನ್ನು ಬಾಂಡಲೆಯಲ್ಲಿ ಹುರಿದು, ಕೊಳವೆಗೆ ತುಂಬಿ, ತಟ್ಟಿ ತಟ್ಟಿ ಕೂರಿಸಿ, ಎರಡು ತುದಿಗೂ ಮರದ ಬಿರಡೆ ಹೊಡೆದು, ಬಾಗಬೇಕಾದೆಡೆ ಕೆಂಪಗೆ ಕಾಯಿಸಿ ನಿಧಾನವಾಗಿ ಮಣಿಸಿದ. ಒಳಗಿನ ಮರಳು ಕೊಳವೆಯನ್ನು ಚಪ್ಪಟೆಯಾಗಲು ಬಿಡದು. ಮರಳನ್ನು ಹುರಿಯುವುದು ಸುಮ್ಮನೆಯಲ್ಲ. ತೇವವಿದ್ದರೆ ಆವಿಯ ಒತ್ತಡಕ್ಕೆ ಬಿರಡೆ ಗುಂಡಿನಂತೆ ಹಾರಿ ಎದುರಿಗಿದ್ದವನ ಪ್ರಾಣಕ್ಕೇ ಸಂಚಕಾರ. ಸ್ಟೇನ್‌ಲೆಸ್ಸಿನ ಡಬ್ಬದ ಬೆಸುಗೆಗೆ ಆರ್ಗಾನ್ ವೆಲ್ಡಿಂಗಿನ ಇನ್ನೊಬ್ಬ ಕುಶಲಿ ಎರಡು ಅಂಗಡಿಯಾಚೆಯಿಂದ ಬಂದ. ಇಂಥ ಕೈಗಳು ಜೆ.ಸಿ. ರಸ್ತೆಯ ಹಿಂದಿನ ಸಂದಿಗಳಲ್ಲಿ ಇನ್ನೂ ಇವೆ. ಅವರ ಅಂಗಡಿಗೆ ಬೋರ್ಡಿಲ್ಲ. ವಿಳಾಸ ಕೇಳಿದರೆ ಚಹಾದಂಗಡಿಯವನು ತೋರಿಸುತ್ತಾನೆ.

ಮ್ಯಾನಿಫೋಲ್ಡಿಗೆ ಕೊಳವೆಯನ್ನು ಕೂರಿಸುವಾಗ ಎರಡು ಎಚ್ಚರ. ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದನ್ನು ಒಣಗಿದಂತೆಯೇ ಕೆರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಮೇಸ್ತ್ರಿ ನೀರು ಚಿಮುಕಿಸಿ, ಮೂಗಿಗೆ ಮುಸುಕು ಹಾಕಿ ತೆಗೆದ. ಎರಡನೆಯದು, ನಟ್ಟುಗಳು ಹಿತ್ತಾಳೆಯವಾಗಿರಬೇಕು. ಉಕ್ಕಿನವಾದರೆ ಕಾದು ತಣಿದು ಬೋಲ್ಟಿನೊಡನೆ ಒಂದಾಗಿಬಿಡುತ್ತವೆ. ಮುಂದಿನ ಸಲ ಬಿಚ್ಚುವವನು ಎರಕದ ಕಬ್ಬಿಣದೊಳಗೆ ಮುರಿದುಕೊಂಡ ಬೋಲ್ಟನ್ನು ಕೊರೆಯುತ್ತ ಕೂರಬೇಕಾಗುತ್ತದೆ. ಕೊಳವೆಯ ತುದಿ ಬಂಪರಿಗಿಂತ ಹೊರಚಾಚಿದೆಯೇ ಎಂದು ಅವನು ಮೂರು ಬಾರಿ ನೋಡಿದ. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡು ಆ ಹೊಗೆಯಲ್ಲಿದೆ. ಮಲೆನಾಡಿನ ಮಳೆಯಲ್ಲಿ ಗಾಜುಗಳನ್ನೆಲ್ಲ ಏರಿಸಿಕೊಂಡು ಹೋಗುವ ಗಾಡಿಯ ತಳದಲ್ಲಿ ಒಂದು ಸಣ್ಣ ಸೋರಿಕೆಯಿದ್ದರೂ ಒಳಗೆ ಕುಳಿತವರಿಗೆ ನಿದ್ದೆ ಬಂದಂತಾಗುತ್ತದೆಯೇ ಹೊರತು ಅಪಾಯ ತಿಳಿಯುವುದಿಲ್ಲ. ಎಂಜಿನ್ ಚಾಲೂ ಮಾಡಿ, ಸಾಬೂನು ನೀರನ್ನು ಪ್ರತಿ ಕೂಡುಗೆಗೂ ಸುರಿದು ಗುಳ್ಳೆ ಏಳುವುದೇ ಎಂದು ನೋಡಿದರು. ಒಂದೆಡೆ ಎದ್ದಿತು. ಬಿಚ್ಚಿ ಮತ್ತೆ ಕೂರಿಸಲು ಅರ್ಧ ದಿನ ಹಿಡಿಯಿತು.

ಸಂಜೆ ಬೆಳೆಗಾರರು ಕಾರನ್ನು ರಸ್ತೆಗೆ ತಂದರು. ಹೊಸ ಬಣ್ಣ ಸುಡುವ ವ್ಯಾಸನೆಯೂ ತೆಳುಹೊಗೆಯೂ ಮೊದಲ ಹತ್ತು ನಿಮಿಷ ಕಾಡಿದವು. ಮಿನರ್ವ ವೃತ್ತ ದಾಟಿ, ಎಂ.ಟಿ.ಆರ್.ನ ಮುಂದೆ ದೋಸೆಗಾಗಿ ಕಾದು ನಿಂತವರನ್ನು ಹಾದು, ಲಾಲ್‌ಬಾಗಿನ ಗೋಡೆಯ ಪಕ್ಕಕ್ಕೆ ಬಂದಾಗ ಎಂಜಿನ್ ಕಾದು ದನಿ ಕೂಡಿತು. ತಗ್ಗಿನ, ಸ್ವಲ್ಪ ಒಡೆದ, ಕೆಮ್ಮು ಅಡಗಿಸಿಕೊಂಡಂಥ ದನಿ. ಹಳೆಯದಕ್ಕಿಂತ ಕೂದಲೆಳೆಯಷ್ಟು ಗಡುಸು. ಲೋಹ ಬೇರೆಯಾದ ಮೇಲೆ ಅಷ್ಟು ವ್ಯತ್ಯಾಸ ಇರಲೇಬೇಕು. ಪಕ್ಕದಲ್ಲಿ ಕುಳಿತ ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿ, ಕಾರ್ಬುರೇಟರಿನ ತಿರುಪನ್ನು ಕಾಲುಸುತ್ತು ತಿರುಗಿಸಬೇಕೆಂದ. ಬೆಳೆಗಾರರು ಫೋನನ್ನು ತಾಯಿಗೆ ಹಚ್ಚಿ ಬಾಲದ ಬಳಿ ಹಿಡಿಯುವಂತೆ ಮಗನಿಗೆ ಹೇಳಿದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಫೋನಲ್ಲಿ ಏನ್ ಗೊತ್ತಾಗತ್ತೆ? ಸೇತುವೆ ಹತ್ರ ಬರ್ಲಿ, ಹೇಳ್ತೀನಿ,” ಎಂದರಂತೆ.

“ನೂರು ಕಿಲೋಮೀಟರ್ ಆದ್ಮೇಲೆ ಕ್ಲಾಂಪೆಲ್ಲ ಒಂದ್ಸಲ ಬಿಗಿ ಮಾಡ್ಬೇಕು ಸಾರ್. ತಣ್ಣಗಾದ್ಮೇಲೆ,” ಎಂದು ಮೇಸ್ತ್ರಿ ಹದಿಮೂರನೆಯ ನಂಬರಿನ ಒಂದು ಸ್ಪ್ಯಾನರನ್ನು ಕಾರಿನೊಳಗಿಟ್ಟ. ಹಳೆಯ ಡಬ್ಬದ ಎರಡು ಸೀಳುಗಳನ್ನು ಗುಜರಿಗೆ ಹಾಕಲು ಬೆಳೆಗಾರರು ಒಪ್ಪದೆ, ಅದೇ ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿರಿಸಿಕೊಂಡರು. ನೆಲಮಂಗಲ, ಕುಣಿಗಲ್ಲು, ಯಡಿಯೂರು ದಾಟಿ ಮರುದಿನ ಹೊತ್ತೇರುವಾಗ ಕಾರು ಬೆಳ್ಳೂರು ಕ್ರಾಸಿನಲ್ಲಿ ನಿಂತಿತು. ಕಾಫಿ ಕುಡಿದು, ಕೊಳವೆ ತಣಿಯುವವರೆಗೆ ಕಾದು, ಮಗ ಗೋಣಿಯನ್ನು ಹಾಸಿ ಕಾರಿನ ಕೆಳಗೆ ನುಸುಳಿದ. ನಾಲ್ಕು ನಟ್ಟುಗಳಲ್ಲಿ ಮೂರು ಅರ್ಧ ಸುತ್ತು ಬಂದವು. ಹಿಂದಿನ ಅಚ್ಚಿನ ಮೇಲಿನದು ಮಾತ್ರ ಬಿಗಿಯಾಗಿಯೇ ಇತ್ತು.